ಕಫೀಲ್ ಇಲ್ಲದ ದುಡ್ಡು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೂ ನಿಮಗೆ ಗೊತ್ತಾಗದೆ ಇರುವುದಿಲ್ಲ. ಅವಳು ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಎಂಟು ವರ್ಷ ಚಿಕ್ಕವಳು, ಬಾಯಿ ತುಂಬ ಅಕ್ಕ ಎಂದು ಕರೆಯುವವಳು. ಅಣ್ಣ ತಮ್ಮ ಇಬ್ಬರೂ ಕುವೈತಿನಲ್ಲೇ ದುಡಿಯುವವರು. ನಾವು ಅಬು ಹಲೀಫಾದಲ್ಲಿ, ಸಮುದ್ರದ ಹತ್ತಿರ, ವಾರಕ್ಕೆರಡು ದಿನ ಲಿಫ್ಟು ಕೆಡುವ ಕಟ್ಟಡದಲ್ಲಿ. ಅವರು ಜಾಬ್ರಿಯಾದಲ್ಲಿ.

ನನ್ನ ಕೆಲಸವೂ ಜಾಬ್ರಿಯಾದಲ್ಲೇ, ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ನಮ್ಮ ಕ್ಲಿನಿಕ್ಕಿನಲ್ಲಿ ದಿನ ಎರಡು ತುಂಡು. ಬೆಳಿಗ್ಗೆ ಒಂಬತ್ತರಿಂದ ಒಂದು, ಮತ್ತೆ ಸಂಜೆ ನಾಲ್ಕರಿಂದ ಎಂಟು. ನಡುವಿನ ಮೂರು ಗಂಟೆಯಲ್ಲಿ ಮನೆಗೆ ಹೋಗಿ ಬರುತ್ತೇನೆಂದರೆ ಎಲ್ಲವೂ ಬಸ್ಸಿನಲ್ಲೇ ಮುಗಿಯುತ್ತದೆ. ಅದಕ್ಕೇ ಓರಗಿತ್ತಿ ತನ್ನ ಮನೆಯ ಇನ್ನೊಂದು ಬೀಗದ ಕೈಯನ್ನು ನನಗೆ ಕೊಟ್ಟಿದ್ದಳು. ಆರು ವರ್ಷ ಅವಳ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದೇನೆ, ಅವಳು ಮುಚ್ಚಿಟ್ಟ ಸಾರಿನಲ್ಲಿ ಉಂಡಿದ್ದೇನೆ. ಆಗ ಅವಳೂ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಇಬ್ಬರಿಗೂ ಕಾಲು ನೋವು, ಇಬ್ಬರಿಗೂ ಒಂದೇ ಮುಲಾಮು.

ಆಮೇಲೆ ಮೈದುನನ ಕಾಯಿನ್ ಏರಿತು. ಕಾಯಿನ್ ಎಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಇರುವ ದುಡ್ಡು. ಅದಕ್ಕೆ ಬ್ಯಾಂಕಿಲ್ಲ, ಸರ್ಕಾರವಿಲ್ಲ. ಅವನು ಯಾವಾಗಿನಿಂದಲೋ ಸ್ವಲ್ಪ ಸ್ವಲ್ಪ ಕೊಂಡು ಇಟ್ಟಿದ್ದನಂತೆ. ಒಂದು ವರ್ಷ ಅದು ಏರುತ್ತಲೇ ಹೋಯಿತು. ಓರಗಿತ್ತಿ ನರ್ಸರಿ ಬಿಟ್ಟಳು. ಬಿಳಿ ಕಾರು ಬಂತು. ನನ್ನ ಮಗಳು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ನಮ್ಮ ಮನೆಗೆ ಯಾಕೆ ಇಂಥದ್ದು ಇಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಗುವಿಗೆ ಉತ್ತರ ಕೊಡುವ ಬದಲು ನಾನು ಗಂಡನ ಮುಖ ನೋಡಿದೆ.

ಏಕೆಂದರೆ ಕಾಯಿನ್ ಕೊಳ್ಳೋಣ ಬನ್ನಿ ಎಂದು ಮೈದುನ ಮೊದಲು ಕರೆದದ್ದು ನಮ್ಮನ್ನೇ. ಒಂದು ಶುಕ್ರವಾರ ನಮ್ಮ ಮನೆಯಲ್ಲಿ ನೀರುದೋಸೆ ತಿನ್ನುತ್ತಾ ಅಣ್ಣನಿಗೆ ಎಲ್ಲ ಬಿಡಿಸಿ ಹೇಳಿದ್ದ. ನಮ್ಮವರು ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. ಈ ದೇಶದಲ್ಲಿ ಅದಕ್ಕೆ ನಿಷೇಧ ಇದೆ, ಇವರ ಅನ್ನ ಉಂಡು ಇವರ ನಿಯಮ ಮುರಿಯುವುದು ಸರಿಯಲ್ಲ ಎಂದರು. ಅದೂ ಅಲ್ಲದೆ, ಏನೂ ಬೆಳೆಯದ, ಏನೂ ತಯಾರಾಗದ ಕಡೆ ನಿನಗೆ ಲಾಭ ಬಂತೆಂದರೆ ನಿನ್ನ ನಂತರ ಬಂದ ಯಾರೋ ಬಡಪಾಯಿಯ ಕಿಸೆಯಿಂದಲೇ ಬಂದಿರಬೇಕು ಎಂದರು. ಮೈದುನ ನಕ್ಕ. ಮನೆಯಲ್ಲಿ ನಮ್ಮದು ತುಳು, ಆದರೆ ಅವನು ಆವತ್ತು ಹೇಳಿದ್ದು ನನಗೆ ಕನ್ನಡದಲ್ಲೇ ನೆನಪಿದೆ.

"ನನ್ನ ಇಕಾಮಾ ಕಫೀಲ್ ಕೈಯಲ್ಲಿ ಉಂಟು. ಸಂಬಳ ಕಂಪನಿ ಕೈಯಲ್ಲಿ. ನಾಳೆ ಖಲಾಸ್ ಅಂದ್ರೆ ಖಲಾಸ್. ಇದೊಂದಕ್ಕೆ ಕಫೀಲ್ ಇಲ್ಲ ಅಣ್ಣ. ಹನ್ನೆರಡು ಶಬ್ದ ಗೊತ್ತಿದ್ದವನೇ ಯಜಮಾನ. ಯಾರನ್ನೂ ನಂಬ್ಲಿಕ್ಕೂ ಇಲ್ಲ, ಯಾರನ್ನೂ ಕೇಳ್ಲಿಕ್ಕೂ ಇಲ್ಲ."

ಕಫೀಲ್ ಎಂದರೆ ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡ ಧಣಿ, ಇಕಾಮಾ ಎಂದರೆ ಅವನ ಹೆಸರಿನ ಮೇಲೆ ಸಿಗುವ ವಾಸದ ಪರವಾನಗಿ. ಆ ಹನ್ನೆರಡು ಇಂಗ್ಲಿಷ್ ಶಬ್ದಗಳನ್ನು ಕ್ರಮವಾಗಿ ಹೊಡೆದರೆ ಯಾವ ಫೋನಿನಲ್ಲಾದರೂ ಆ ದುಡ್ಡು ತೆರೆದುಕೊಳ್ಳುತ್ತದೆ ಎಂದೂ, ಕಳೆದುಹೋದರೆ ಬ್ರಹ್ಮ ಬಂದರೂ ತೆರೆಯುವುದಿಲ್ಲ ಎಂದೂ ಹೇಳಿದ. ನಮ್ಮವರು ಇನ್ನೊಂದು ದೋಸೆ ಹಾಕಿಸಿಕೊಂಡರು. ಆವತ್ತು ಅವರ ಮಾತು ನನಗೂ ಹಿಡಿಸಿತ್ತು. ಬಿಳಿ ಕಾರು ಬಂದ ಮೇಲೆ ಅದೇ ಮಾತು ನೆನಪಾದಾಗಲೆಲ್ಲ ಹೊಟ್ಟೆ ಉರಿಯತೊಡಗಿತು. ನೀತಿವಂತನ ಹೆಂಡತಿಯಾಗಿ ಎರಡು ತುಂಡಿನ ಕೆಲಸ ಮಾಡುವುದು ನಾನು ತಾನೇ!

ಆ ವರ್ಷ ಬೇಸಿಗೆ ರಜೆಗೆ ಅವರು ಊರಿಗೆ ಹೋದರು. ತುಳಸಿ ಗಿಡವನ್ನು ಬಾಲ್ಕನಿಯಿಂದ ಅಡುಗೆಮನೆಯ ಕಿಟಕಿಗೆ ತಂದಿಟ್ಟು, ದಿನಾ ಒಂದು ಲೋಟ ನೀರು ಹಾಕಿ ಅಕ್ಕ, ದೇವರಿಗೊಂದು ದೀಪ ಹಚ್ಚಿ ಎಂದು ಓರಗಿತ್ತಿ ಹೇಳಿಹೋದಳು. ನಾನು ಹಚ್ಚಿದೆ. ಒಂದು ಮಧ್ಯಾಹ್ನ ದೇವರ ಫೋಟೊ ಒರೆಸುವಾಗ ಹಿಂದಿನ ರಟ್ಟು ಸಡಿಲವಾಗಿತ್ತು. ಒಳಗೊಂದು ಮಡಿಸಿದ ಕಾಗದ. ಮೈದುನನ ಅಕ್ಷರ, ಒಂದರಿಂದ ಹನ್ನೆರಡರವರೆಗೆ ನಂಬರು, ಪ್ರತಿಯೊಂದರ ಮುಂದೆ ಒಂದು ಇಂಗ್ಲಿಷ್ ಶಬ್ದ.

ಎಡಗೈಯಲ್ಲಿ ಕಾಗದ ಹಿಡಿದು ಫೋನಿನಲ್ಲಿ ಅದರ ಚಿತ್ರ ತೆಗೆದೆ. ಯಾಕೆಂದು ಕೇಳಬೇಡಿ. ಕಾಗದವನ್ನು ಮೊದಲಿದ್ದ ಹಾಗೇ ಮಡಿಸಿಟ್ಟು ರಟ್ಟಿನ ಮೊಳೆಯನ್ನು ಜೋರಾಗಿ ಒತ್ತಿದ್ದಕ್ಕೆ ಎದುರಿನ ಗಾಜಿನಲ್ಲಿ ಸಣ್ಣ ಬಿರುಕು ಬಿತ್ತು. ಹೂವಿಟ್ಟು ಮುಚ್ಚಿದೆ. ಅದೇ ಸೋಫಾದ ಮೇಲೆ ಕೂತು ನೀರುದೋಸೆಯ ದಿನ ಮೈದುನ ತೋರಿಸಿದ್ದ ಆ್ಯಪನ್ನು ಇಳಿಸಿಕೊಂಡು ಹನ್ನೆರಡೂ ಶಬ್ದ ಹೊಡೆದೆ. ತೆರೆಯಿತು. ಮೊತ್ತ ಇಲ್ಲಿ ಬರೆಯುವುದಿಲ್ಲ, ಆದರೆ ಅವರು ನಮಗೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ನಾನು ಬಗ್ಗಿ ನೋಡಿದ್ದಕ್ಕಿಂತ ಅವರು ನಮ್ಮಿಂದ ಮುಚ್ಚಿಟ್ಟದ್ದೇ ದೊಡ್ಡ ತಪ್ಪೆಂದು ಆ ಗಳಿಗೆಯಲ್ಲಿ ನನಗನ್ನಿಸಿತು. ಮೈದುನನದೇ ಲೆಕ್ಕದ ಪ್ರಕಾರ ಈಗ ನಾನೂ ಯಜಮಾನಿ. ಬೆರಳಾಡಿಸಿದ್ದರೆ ಎಲ್ಲ ನನ್ನದಾಗುತ್ತಿತ್ತು, ನಿಷೇಧವಿರುವ ಸೊತ್ತಿಗಾಗಿ ಅವನು ಪೊಲೀಸರ ಹತ್ತಿರವೂ ಹೋಗುವಂತಿರಲಿಲ್ಲ. ತೆಗೆಯಲಿಲ್ಲ. ಒಳ್ಳೆಯತನದಿಂದ ಎಂದು ಹೇಳಲು ಬಾಯಿ ಬರುವುದಿಲ್ಲ, ಹೆದರಿದೆ ಅಷ್ಟೆ. ಆ್ಯಪ್ ಅಳಿಸಿದೆ. ಚಿತ್ರ ಅಳಿಸಲಿಲ್ಲ.

ರಜೆ ಮುಗಿಸಿ ಬಂದ ಓರಗಿತ್ತಿ ಬಿರುಕು ನೋಡಿ ಬೆಚ್ಚಿದಳು. ಒಡೆದ ಗಾಜಿನ ದೇವರನ್ನು ಮನೆಯಲ್ಲಿಡಬಾರದು. ಊರಲ್ಲಾದರೆ ಅಶ್ವತ್ಥ ಕಟ್ಟೆಯ ಬುಡದಲ್ಲಿ ಇಟ್ಟು ಬರಬಹುದು, ಹೊಳೆಗೆ ಬಿಡಬಹುದು. ಇಲ್ಲಿ ಹೊಳೆಯೆಲ್ಲಿ, ಕಟ್ಟೆಯೆಲ್ಲಿ? ಕಸದ ಡಬ್ಬಿಗೆ ಹಾಕಲು ಕೈ ಬರುವುದಿಲ್ಲ. ಹಾಗಾಗಿ ನಮ್ಮ ಪೈಕಿ ಹೆಂಗಸರು ಅಂಥದ್ದನ್ನೆಲ್ಲ ಬಟ್ಟೆಯಲ್ಲಿ ಸುತ್ತಿ, ಶುಕ್ರವಾರ ಬೆಳ್ಳಂಬೆಳಿಗ್ಗೆ ಜನರಿಲ್ಲದ ಹೊತ್ತಿನಲ್ಲಿ ಸಮುದ್ರಕ್ಕೆ ಬಿಡುತ್ತಾರೆ. ಅವಳು ಬಂದದ್ದು ನಮ್ಮ ಅಬು ಹಲೀಫಾದ ತೀರಕ್ಕೆ. ಗಾಜು ಯಾರ ಕಾಲಿಗೂ ತಾಗಬಾರದೆಂದು ಫೋಟೊವನ್ನು ಹಳೆಯ ದುಪಟ್ಟಾದಲ್ಲಿ ಕಟ್ಟಿ ಒಳಗೊಂದು ಕಲ್ಲಿಟ್ಟಿದ್ದಳು. ಗಂಡ ಅದರ ಹಿಂದೆ ಏನಿಟ್ಟಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಬಂಡೆಗಳ ತುದಿಯವರೆಗೂ ಅವಳ ಜೊತೆ ನಡೆದೆ. ಜಾರೀತೆಂದು ಅವಳ ಮೊಣಕೈ ಹಿಡಿದುಕೊಂಡೆ. ರಟ್ಟು ಬಿಚ್ಚಿ ನೋಡು ಎನ್ನಲು ಮೂರು ಶಬ್ದ ಸಾಕಿತ್ತು. ಮೈದುನ ಕಾಗದವನ್ನು ಬೇರೆ ಕಡೆ ಇಟ್ಟಿರಬಹುದು, ಅವನ ಫೋನಿನಲ್ಲಿ ಹೇಗೂ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಹೋಗಲಿ ಎಂದು ನನಗೆ ಅನ್ನಿಸಿತ್ತು. ಗಂಟು ಮುಳುಗಿತು. ಅವಳು ಕೈಮುಗಿದಳು, ನಾನೂ ಮುಗಿದೆ.

ಮೂರು ತಿಂಗಳಾದ ಮೇಲೆ ಮೈದುನ ಹೊಸ ಫೋನು ಕೊಂಡ. ಹಳೆಯದನ್ನು ಪೂರ್ತಿ ಅಳಿಸಿ ಅಂಗಡಿಗೆ ಕೊಟ್ಟು ಮನೆಗೆ ಬಂದವನು ಶಬ್ದಗಳಿಗಾಗಿ ದೇವರ ಫೋಟೊ ತಿರುಗಿಸಿ ನೋಡಿದ. ಅದು ಹೊಸ ಫೋಟೊ.

ಓರಗಿತ್ತಿ ಫೋನಿನಲ್ಲಿ ಅಳುತ್ತಾ ಇದನ್ನು ಹೇಳುವಾಗ ನನಗೆ ಮೊದಲು ಆದದ್ದು ಸಂತೋಷ. ಎಷ್ಟು ಸಂತೋಷವೆಂದರೆ, ಫೋನಿಟ್ಟ ಮೇಲೆ ಮಗಳಿಗೆ ಶೀರಾ ಮಾಡಿಕೊಟ್ಟೆ. ಮೈದುನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ನಮ್ಮವರು ಹೋಗಿ ತಮ್ಮನ ಪಕ್ಕ ಕೂತು ಬಂದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಅವರ ಬಾಯಿಂದ ಬರಲಿಲ್ಲವಂತೆ. ಕರೆದು ವಿಚಾರಿಸಲು ಒಬ್ಬ ಗುಮಾಸ್ತನೂ ಇಲ್ಲದ ದುಡ್ಡು ಎಂಥದ್ದು ಎಂದಷ್ಟೇ ನನ್ನ ಹತ್ತಿರ ಹೇಳಿ ನಿಟ್ಟುಸಿರುಬಿಟ್ಟರು. ಎರಡು ದಿನ ಚಿತ್ರವಿದ್ದ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗಿದೆ.

ಮೂರನೆಯ ದಿನ ಶುಕ್ರವಾರ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗ ಕೆಳಗೆ ತೀರದಲ್ಲಿ ಯಾರೋ ಕಂಡರು. ನೀರು ದೂರ ಇಳಿದಿತ್ತು. ಓರಗಿತ್ತಿ ಒಬ್ಬಳೇ ಪ್ಯಾಂಟು ಮೊಣಕಾಲಿಗೆ ಮಡಚಿ ಬಂಡೆಗಳ ನಡುವೆ ಕೈಹಾಕಿ ಹುಡುಕುತ್ತಿದ್ದಳು. ನಾನು ಇಳಿದು ಹೋದೆ. ಅವಳ ಅಂಗೈ ಚಿಪ್ಪು ತಾಗಿ ಕೊಯ್ದಿತ್ತು.

"ದುಪಟ್ಟಾ ಆದ್ರೂ ಸಿಕ್ಕೀತು ಅಂತ ಅಕ್ಕ," ಎಂದಳು. "ನಾನೇ ನನ್ನ ಕೈಯಾರೆ ಮುಳುಗಿಸಿದ್ದಲ್ವಾ. ನೀವೂ ಇದ್ರಿ. ನೀವು ಹಿಡ್ಕೊಳ್ಳದಿದ್ರೆ ನಾನೇ ಬೀಳ್ತಿದ್ದೆ."

ನಾನು ಅಲ್ಲೇ ಬಂಡೆಯ ಮೇಲೆ ಕೂತು ಚಿತ್ರವನ್ನು ಅವಳ ಫೋನಿಗೆ ಕಳಿಸಿದೆ. ಅದರಲ್ಲಿ ಹನ್ನೆರಡು ಶಬ್ದಗಳ ಜೊತೆ ನನ್ನ ಹೆಬ್ಬೆರಳೂ, ಅವಳೇ ಊರಿಂದ ತಂದುಕೊಟ್ಟ ಹಸಿರು ಬಳೆಯೂ ಇದ್ದವು. ಅವಳು ತುಂಬ ಹೊತ್ತು ನೋಡಿದಳು. ಮೊದಲು ಅವಳ ಮುಖದಲ್ಲಿ ಸಂತೋಷ ಬಂತು, ಆಮೇಲೆ ಬಳೆ ಕಂಡಿರಬೇಕು.

"ಅವತ್ತು ಇಲ್ಲಿ ಬಿಡುವಾಗ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

ಇತ್ತು ಎಂದೆ. ಅವಳು ಪ್ಯಾಂಟಿನ ಮಡಿಕೆ ಬಿಡಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕಾರಿನ ಕಡೆ ನಡೆದಳು.

ಅವತ್ತೇ ಮೈದುನ ದುಡ್ಡು ತೆರೆದು, ಎಲ್ಲವನ್ನೂ ಹೊಸ ಹನ್ನೆರಡು ಶಬ್ದಗಳಿಗೆ ಸಾಗಿಸಿದನೆಂದು ನಮ್ಮವರಿಂದ ತಿಳಿಯಿತು. ಅವರಿಗೆ ನಾನೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ವಾರದ ಮೇಲೆ ಓರಗಿತ್ತಿ ಕ್ಲಿನಿಕ್ಕಿಗೆ ಬಂದಳು. ಕೌಂಟರಿನ ಆಚೆ ನಿಂತು, ಸರದಿಯಲ್ಲಿದ್ದವರ ಎದುರು, ಮೆತ್ತಗೆ ನಕ್ಕು, ಬೀಗ ಬದಲಾಯಿಸ್ತಿದ್ದೇವೆ ಅಕ್ಕ, ಆ ಹಳೇ ಬೀಗದ ಕೈ ಉಂಟಲ್ಲ, ಕೊಡ್ತೀರಾ ಎಂದಳು. ಬದಲಾಯಿಸುವ ಬೀಗಕ್ಕೆ ಹಳೆಯ ಕೈ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಗೊಂಚಲಿನಿಂದ ಬಿಡಿಸಿ ಕೊಟ್ಟೆ.

ಅವರ ಕಾಯಿನ್ ಈಗ ಇಳಿದಿದೆಯಂತೆ, ಮತ್ತೆ ಏರುತ್ತದಂತೆ. ನಾನು ಕೇಳುವುದಿಲ್ಲ. ಒಂದರಿಂದ ನಾಲ್ಕರವರೆಗೆ ಕ್ಲಿನಿಕ್ಕಿನ ಫೈಲು ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿರುತ್ತೇನೆ, ಡಬ್ಬಿಯ ಅನ್ನ ಅಲ್ಲೇ ಉಣ್ಣುತ್ತೇನೆ. ಈ ಬೇಸಿಗೆಯಲ್ಲೂ ಅವರು ಊರಿಗೆ ಹೋದರು. ತುಳಸಿಗೆ ನೀರು ಹಾಕುವುದು ಎದುರು ಮನೆಯ ಒಬ್ಬಳು ನರ್ಸು. ನಮ್ಮ ಕ್ಲಿನಿಕ್ಕಿಗೂ ಬರುತ್ತಾಳೆ, ಒಳ್ಳೆಯ ಹೆಂಗಸು. ಮೊನ್ನೆ ಅವಳು ಫೋನಿಗಾಗಿ ಬ್ಯಾಗು ತಡಕಾಡುತ್ತಾ ಬೀಗದ ಕೈಯೊಂದನ್ನು ತೆಗೆದು ನನ್ನ ಕೌಂಟರಿನ ಮೇಲಿಟ್ಟಳು. ನೋಡಿದ ಕೂಡಲೇ ಗುರುತಾಯಿತು, ನಾನೇ ಅದಕ್ಕೆ ಕಟ್ಟಿದ್ದ ಕೆಂಪು ದಾರ ಹಾಗೇ ಇತ್ತು. ಆ ಬಿಳಿ ಕಾರು ಕಂಡಾಗಲೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.