ಕಪ್ಪು-ಬಿಳುಪಿಗೊಂದು, ಬಣ್ಣಕ್ಕೊಂದು

ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅಮ್ಮತ್ತಿಯಂಥ ಕಾಫಿ ಸೀಮೆಯಲ್ಲಿ ಹುಟ್ಟಿದವನಿಗೆ ಇದು ಸಣ್ಣ ಕೊರತೆಯಲ್ಲ. ಪಿಕ್ಕಿಂಗ್‌ಗೆ ಹೋಗಿ ಕೆಂಪು ಹಣ್ಣಿನ ಜೊತೆ ಹಸಿರು ಕಾಯನ್ನೂ ಕಿತ್ತು ತಂದ ಮೇಲೆ ಮನೆಯವರು ನನ್ನನ್ನು ತೋಟದ ಕೆಲಸದಿಂದಲೇ ಬಿಡುಗಡೆ ಮಾಡಿದರು. ಮುಂದೆ ನಾನು ಹಳೆಯ ಕಪ್ಪು-ಬಿಳುಪು ಸಿನಿಮಾಗಳ ಬಗ್ಗೆ ಬರೆಯತೊಡಗಿದೆ. ಜನ ಅದನ್ನು ಅಭಿರುಚಿ ಎಂದುಕೊಂಡರು. ನಾನೂ ಸುಮ್ಮನಿದ್ದೆ.

ಹೋದ ವರ್ಷ ಊರಿನ ಗೆಳೆಯರು ಕಿರುಚಿತ್ರ ಸ್ಪರ್ಧೆ ಏರ್ಪಡಿಸಿದರು. ಛಾಯಾಗ್ರಹಣದ ಬಹುಮಾನಕ್ಕೆ ಇಬ್ಬರು ತೀರ್ಪುಗಾರರು: ನಾನು, ಮತ್ತು ಶಾಲೆಯಲ್ಲಿ ನನಗೇ ಡ್ರಾಯಿಂಗ್ ಕಲಿಸಿದ್ದ ಬೋಜಮ್ಮ ಟೀಚರ್. ಗುಟ್ಟು ರಟ್ಟಾಗುವ ಭಯಕ್ಕೆ ನಾನು ಪಾಂಡಿತ್ಯದ ಮೊರೆ ಹೋದೆ. ಹಾಲಿವುಡ್‌ನ ದೊಡ್ಡ ಪ್ರಶಸ್ತಿಯಲ್ಲಿ ಬಹಳ ಕಾಲ ಕಪ್ಪು-ಬಿಳುಪಿಗೊಂದು, ಬಣ್ಣಕ್ಕೊಂದು ಬಹುಮಾನವಿತ್ತು. ನೆರಳನ್ನು ಪಳಗಿಸುವ ವಿದ್ಯೆಯೇ ಬೇರೆ, ಬಣ್ಣಗಳನ್ನು ಹದ ಮಾಡುವ ವಿದ್ಯೆಯೇ ಬೇರೆ. ಅರವತ್ತರ ದಶಕದಲ್ಲಿ ಎಲ್ಲೆಲ್ಲೂ ಬಣ್ಣವೇ ತುಂಬಿಕೊಂಡ ಮೇಲೆ ಎರಡನ್ನೂ ಒಂದು ಮಾಡಿಬಿಟ್ಟರು ಎಂದು ಭಾಷಣ ಬಿಗಿದೆ.

"ನಾವು ಎರಡು ಕೊಡೋಣ ಟೀಚರ್. ಕಪ್ಪು-ಬಿಳುಪು ನಾನು ನೋಡ್ತೇನೆ, ಕಲರ್ ನೀವು ನೋಡಿ."

ಟೀಚರ್ ಒಪ್ಪಿದರು. ಆದರೆ ಕಪ್ಪು-ಬಿಳುಪಿನಲ್ಲಿ ಬಂದದ್ದು ಒಂದೇ ಚಿತ್ರ. ಕಾಲೇಜಿಗೆ ಹೋಗುವ ಸೌಮ್ಯ ಮೊಬೈಲಿನಲ್ಲಿ ತೆಗೆದದ್ದು. ಎಸ್ಟೇಟಿನಲ್ಲಿ ದುಡಿಯುವ ಅವಳ ಅಪ್ಪನ ಕಾಫಿ ಕೊಯ್ಯುವ ಕೈಗಳಷ್ಟೇ ಅದರಲ್ಲಿದ್ದವು. ಬೆರಳುಗಳು ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡಿ, ಕೆಲವನ್ನು ಕಿತ್ತು, ಕೆಲವನ್ನು ಗಿಡದಲ್ಲೇ ಬಿಡುತ್ತಿದ್ದವು.

ಅವಳನ್ನು ಕರೆದು, ಬಹುಮಾನ ನಿನಗೇ ಎಂದೆ. ಅವಳ ಮುಖ ಸಪ್ಪಗಾಯಿತು.

"ಒಬ್ಳೇ ಓಡಿ ಫಸ್ಟ್ ಬಂದ ಹಾಗಾಗುತ್ತೆ ಸಾರ್. ಎಲ್ಲರ ಜೊತೆ ಸೇರಿಸಿ ನೋಡಿ."

"ಹಾಗಾದ್ರೆ ಕಲರಲ್ಲೇ ತೆಗೀಬಹುದಿತ್ತಲ್ಲಮ್ಮ?"

"ಅಪ್ಪನಿಗೆ ಕೆಂಪು, ಹಸಿರು ಗೊತ್ತಾಗಲ್ಲ ಸಾರ್. ಒತ್ತಿ ನೋಡಿಯೇ ಕೊಯ್ಯೋದು. ಕಲರ್ ಇದ್ರೆ ಜನ ಹಣ್ಣು ನೋಡ್ತಾರೆ, ಕೈ ನೋಡಲ್ಲ."

ನಾನು ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಈ ಹುಡುಗಿ ತೆರೆಯ ಮೇಲೆ ಇಟ್ಟಿದ್ದಳು. ಅವಳು ಹೋದ ಮೇಲೆ ಟೀಚರ್ ಮುಂದೆ ನನ್ನ ಗುಟ್ಟನ್ನು ಹೇಳಿಬಿಟ್ಟೆ.

"ನಂಗೆ ಗೊತ್ತುಂಟು ಮಾರಾಯ," ಎಂದರು ಅವರು. "ನಾಲ್ಕನೇ ಕ್ಲಾಸಲ್ಲಿ ಕೆಂಪು ಎಲೆ ಬರೆದು ತಂದವ ನೀನಲ್ವಾ? ಈಗ ಬಾ, ಎಲ್ಲ ಒಟ್ಟಿಗೆ ನೋಡುವ."

ಒಟ್ಟಿಗೇ ನೋಡಿದೆವು. ಬಣ್ಣಗಳ ಬಗ್ಗೆ ಅವರು ಹೇಳಿದ್ದನ್ನು ಕೇಳಿಕೊಂಡೆ. ನೆರಳು-ಬೆಳಕಿನ ಬಗ್ಗೆ ನಾನು ಹೇಳಿದ್ದನ್ನು ಅವರು ಕೇಳಿಕೊಂಡರು. ಬಣ್ಣದ ಚಿತ್ರವೊಂದು ಮೊದಲ ಸ್ಥಾನ ಪಡೆಯಿತು, ಸೌಮ್ಯಳದ್ದು ಎರಡನೆಯದು. ಹದಿನಾಲ್ಕು ಚಿತ್ರಗಳಲ್ಲಿ ಎರಡನೆಯವಳಾದ ಅವಳು ಕುಣಿದಾಡಿದಳು.

ಬಹುಮಾನ ಕೊಟ್ಟ ದಿನ ಅವಳ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಫಸ್ಟ್ ಬಂದ ಪಿಚ್ಚರಲ್ಲಿ ಕಲರ್ ಅಷ್ಟು ಚೆನ್ನಾಗಿತ್ತಾ ಸಾರ್?"

"ಚೆನ್ನಾಗಿತ್ತಂತೆ," ಎಂದೆ.

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.