ಕಸ್ತೂರಿಬಾಯಿ ಬಿಟ್ಟುಕೊಟ್ಟದ್ದು

1984ರಲ್ಲಿ ನಾನು ಜೇವರ್ಗಿಯ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಓದುವಾಗ ನರರೋಗ ವಿಭಾಗದಲ್ಲಿ ಒಂದಿಷ್ಟು ಕಾಲ ದುಡಿದಿದ್ದರಿಂದ ಸುತ್ತಲಿನ ಹಳ್ಳಿಗಳ ಫಿಟ್ಸ್ ರೋಗಿಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು, ಎಲ್ಲ ಆದ ಮೇಲೆ ಆಸ್ಪತ್ರೆಯ ದಾರಿ ಹಿಡಿಯುವವರನ್ನು ಕಂಡರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೊಳಕೂರಿನ ರೈತ ಶಿವಶರಣಪ್ಪ ತನ್ನ ಹೆಂಡತಿ ಕಸ್ತೂರಿಬಾಯಿಯನ್ನು ಕರೆತಂದಾಗಲೂ ಮೊದಲು ಬೈದೆ, ಆಮೇಲೆ ನೋಡಿದೆ. ಆಕೆಯ ಎಡಗೈ ಸುಟ್ಟು ಬೊಬ್ಬೆ ಎದ್ದಿತ್ತು. ರೊಟ್ಟಿ ಮಾಡುತ್ತ ಕುಳಿತವಳು ಮೂರ್ಛೆ ಬಂದು ಕಾದ ಹಂಚಿನ ಮೇಲೆ ಬಿದ್ದಿದ್ದಳು.

ಇದು ಶುರುವಾಗಿ ವರ್ಷದ ಮೇಲಾಗಿತ್ತು ಎಂದು ಗಂಡ ಹೇಳಿದ. ಬೆಳಗಿನ ಪೂಜೆಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸುತ್ತ ಕುಳಿತಾಗ ಕೆಲವೊಮ್ಮೆ ಆಕೆಯ ನೋಟ ನಿಂತುಬಿಡುತ್ತಿತ್ತು. ತುಟಿ ಚಪ್ಪರಿಸುತ್ತಿದ್ದಳು, ಕೂಗಿದರೆ ಓಗೊಡುತ್ತಿರಲಿಲ್ಲ, ಮುಖದ ಮೇಲೆ ಮಾತ್ರ ಅಪರೂಪದ ಕಳೆ. ಇದು ಭಕ್ತಿಯ ಪರಾಕಾಷ್ಠೆ ಎಂದು ಓಣಿಯ ಹೆಂಗಸರು ಬಂದು ಕಾಲಿಗೆರಗಿದರು. ಒಂದು ದಿನ ಎಡಗೈ ಬೆರಳು ಸೆಟೆದು ತಿರುಚಿಕೊಂಡವು, ಲಿಂಗ ನೆಲಕ್ಕೆ ಬಿತ್ತು. ಹುಟ್ಟಿನಿಂದ ಸಾಯುವವರೆಗೆ ಮೈಮೇಲೆ ಧರಿಸುವ ಲಿಂಗ ಕೈಜಾರುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಕಾಲಿಗೆರಗಿದವರೇ ಆಕೆ ಏನು ಪಾಪ ಮಾಡಿದ್ದಾಳೋ ಎಂದರು.

ನಾನು ಕಸ್ತೂರಿಬಾಯಿಯನ್ನೇ ಕೇಳಿದೆ. ಇದ್ದ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡಿದ್ದ. ಆಮೇಲೆ ಉಂಡರೂ ಉಣ್ಣದಿದ್ದರೂ ಒಂದೇ ಎಂಬಂತೆ ಇದ್ದಳಂತೆ. ಪೂಜೆಯಲ್ಲಿ ಆಗುವುದನ್ನು ಹೇಳುವಾಗ ಮಾತ್ರ ಆಕೆಯ ದನಿಗೆ ಜೀವ ಬಂತು.

"ಹೊಟ್ಟ್ಯಾಗಿಂದ ಏನೋ ಎದಿಗೆ ಏರಿ ಬರ್ತದ್ರಿ ಸಾಹೇಬ್ರ. ಆಮ್ಯಾಲ ಶಿವಾ ಬರ್ತಾನ. ಕಣ್ಣಿಗಿ ಕಾಣಂಗಿಲ್ಲ, ಆದ್ರ ಬಾಜೂಕೇ ಇರ್ತಾನ. ಆ ಹೊತ್ತಿನ್ಯಾಗ ನನ್ನ ಮಗ ಹೋಗಿದ್ದು ಸುದ್ದಾ ತಪ್ಪಲ್ಲ ಅನಸ್ತದ."

ಹೊಟ್ಟೆಯಿಂದ ಏರಿ ಬರುವ ಆ ಭಾವವೇ ನನಗೆ ರೋಗದ ಗುರುತು ಹೇಳಿತು. ಕಿವಿಯ ಒಳಮಗ್ಗುಲಿಗೆ ಮೆದುಳಿನ ಟೆಂಪೊರಲ್ ಲೋಬ್ ಎಂಬ ಭಾಗವಿದೆ. ನೆನಪು, ಭಯ, ಆನಂದಗಳಿಗೆ ಅದು ಹತ್ತಿರದ ಸಂಬಂಧಿ. ಅಲ್ಲಿ ವಿದ್ಯುತ್ ಅಡ್ಡಾದಿಡ್ಡಿ ಹರಿದರೆ ಕೆಲವರಿಗೆ ಸುಟ್ಟ ವಾಸನೆ ಬರುತ್ತದೆ, ಕೆಲವರಿಗೆ ಕಾರಣವಿಲ್ಲದ ಹೆದರಿಕೆ. ತೀರ ಅಪರೂಪಕ್ಕೆ ಯಾರಿಗೋ ದೇವರು ಪಕ್ಕದಲ್ಲಿ ನಿಂತ ಅನುಭವ. ನಾನು ಅದನ್ನು ಓದಿದ್ದೆ, ಕಂಡಿರಲಿಲ್ಲ.

ಸೊಲ್ಲಾಪುರದ ನರರೋಗ ತಜ್ಞರೊಬ್ಬರ ಹತ್ತಿರ ಇಇಜಿ ಮಾಡಿಸಲು ಕರೆದೊಯ್ದೆ. ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಗಳಾಗಿ ಮೂಡಿಸುವ ಪರೀಕ್ಷೆ ಅದು. ಪೂಜೆ ಮಾಡುತ್ತಲೇ ಕೂತರೆ ಒಳ್ಳೆಯದು ಎಂದರು ತಜ್ಞರು. ಹಾಗಾದರೆ ಎಲ್ಲರೂ ಚಪ್ಪಲಿ ಹೊರಗೆ ಬಿಡಬೇಕು ಎಂದಳು ಕಸ್ತೂರಿಬಾಯಿ. ಬಿಟ್ಟೆವು. ಹಣೆಗೆ ವಿಭೂತಿ, ತಲೆತುಂಬ ತಂತಿ, ಅಂಗೈಯಲ್ಲಿ ಲಿಂಗ. ಸ್ವಲ್ಪ ಹೊತ್ತಿಗೆ ಬಲ ಟೆಂಪೊರಲ್ ಭಾಗದ ಪೆನ್ನುಗಳು ಚೂಪಾಗಿ ಕುಣಿಯತೊಡಗಿದವು. ಆಕೆಯ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಬೀಳುವ ಲಿಂಗವನ್ನು ಶಿವಶರಣಪ್ಪ ಎರಡೂ ಕೈಯೊಡ್ಡಿ ಹಿಡಿದುಕೊಂಡ. ತಜ್ಞರು ಹಿಗ್ಗಿನಿಂದ ನನ್ನ ಭುಜ ತಟ್ಟಿದರು. ನನಗೇಕೋ ಹಿಗ್ಗಲು ಆಗಲಿಲ್ಲ.

ಕಾರ್ಬಮಜೆಪಿನ್ ಗುಳಿಗೆ ಶುರುಮಾಡಿದೆ. ಔಷಧಿ ಎಂದರೆ ಔಷಧಿ, ಫಿಟ್ಸ್ ಪೂರ್ತಿ ನಿಂತವು. ಕೆಲವು ತಿಂಗಳ ಬಳಿಕ ಬಂದ ಕಸ್ತೂರಿಬಾಯಿಯ ಕೈ ಮಾಯ್ದಿತ್ತು, ಮುಖ ಮಾತ್ರ ಇಳಿದುಹೋಗಿತ್ತು. ಪೂಜೆಗೆ ಕೂತರೆ ಕಲ್ಲಿನ ಮುಂದೆ ಕೂತಂತೆ ಆಗುತ್ತದೆ, ಮಗ ಸತ್ತ ಸಂಕಟ ಹೊಸದಾಗಿ ಶುರುವಾಗಿದೆ ಎಂದಳು.

"ಬೀಳೋ ಅಂಥಾ ದೊಡ್ಡದು ಬ್ಯಾಡ್ರಿ. ಆ ಸಣ್ಣದು ಅಷ್ಟು ಇರಲಿ ಅಂದ್ರ ಆಗಂಗಿಲ್ಲೇನ್ರಿ?"

ಆಗುವುದಿಲ್ಲ, ಸಣ್ಣದೇ ಹರಡಿ ದೊಡ್ಡದಾಗುವುದು ಎಂದು ತಿಳಿಸಿ ಹೇಳಿದೆ. ಆದರೂ ಆಕೆಯ ಮುಖ ನೋಡಲಾರದೆ ಡೋಸ್ ತುಸು ಇಳಿಸಿ ನೋಡಿದೆ. ಬಾವಿಯ ದಂಡೆಯಲ್ಲೇ ಮೂರ್ಛೆ ಬಂತು. ಗಂಡ ಸೀರೆಯ ಸೆರಗು ಹಿಡಿದೆಳೆದದ್ದರಿಂದ ಜೀವ ಉಳಿಯಿತು. ಮರುದಿನ ಇಬ್ಬರೂ ನನ್ನೆದುರು ಕೂತಿದ್ದರು. ಶಿವಶರಣಪ್ಪ ಮಿತಭಾಷಿ. ಅಂದು ಹೆಂಡತಿಯ ಕಡೆ ನೋಡದೆಯೇ ಹೇಳಿದ: "ನಿನಗ ಆತ ಬೇಕು, ಖರೇ. ಮಗ ಹೋದ ಮ್ಯಾಲ ನನಗ ನೀ ಒಬ್ಬಾಕಿನೇ ಉಳದೀದಿ." ಕಸ್ತೂರಿಬಾಯಿ ಗುಳಿಗೆಗೆ ಕೈಯೊಡ್ಡಿದಳು.

ಆಮೇಲೆ ನಾನು ಅಫಜಲಪುರಕ್ಕೆ ವರ್ಗವಾದೆ. ಬಸ್ಸು ಬದಲಿಸಿಕೊಂಡು ಅಲ್ಲಿಗೂ ಬರುತ್ತಿದ್ದರು. ವರ್ಷಗಟ್ಟಲೆ ಆಕೆ ಒಂದು ಹೊತ್ತಿನ ಗುಳಿಗೆಯನ್ನೂ ತಪ್ಪಿಸಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ದಿನ ಒಬ್ಬಳೇ ಬಂದಳು. ಗಂಡ ಎದೆನೋವಿನಿಂದ ತೀರಿಕೊಂಡಿದ್ದ. ಆತನಿಗಾಗಿ ತಿನ್ನುತ್ತಿದ್ದ ಗುಳಿಗೆ ಇನ್ನೇಕೆ ಎಂದು ಆಕೆ ಬಿಟ್ಟುಬಿಟ್ಟಿದ್ದಳು. ಹಣೆಯಲ್ಲಿ ಬಿದ್ದ ಹೊಸ ಗಾಯ ಕಂಡು ನನಗೆ ಬೈಯಲು ಬಾಯಿ ಬರಲಿಲ್ಲ.

ಪೂಜೆಯಲ್ಲೇ ಬಿದ್ದಳಂತೆ. ಫಿಟ್ಸ್ ಬಂದದ್ದು ನಿಜ, ಆದರೆ ಶಿವ ಬರಲಿಲ್ಲ ಎಂದು ತೀರ ಸಣ್ಣ ದನಿಯಲ್ಲಿ ಹೇಳಿದಳು. ಇಷ್ಟು ವರ್ಷ ದೂರ ಇಟ್ಟಿದ್ದಕ್ಕೆ ಮುನಿದಿದ್ದಾನೇನೋ ಎಂಬುದು ಆಕೆಯ ಚಿಂತೆ. ಆ ಚಿಂತೆಗೆ ನನ್ನ ಶಾಸ್ತ್ರದಲ್ಲಿ ಇದ್ದ ಒಂದೇ ಉತ್ತರವನ್ನು ಕೊಟ್ಟೆ. ಔಷಧಿ ಒಮ್ಮೆಲೇ ಬಿಟ್ಟಾಗ ದೊಡ್ಡ ಫಿಟ್ಸ್ ಬರುತ್ತದೆ, ಅದು ತನಗಿಂತ ಮೊದಲಿನ ಕ್ಷಣಗಳ ನೆನಪನ್ನೂ ಅಳಿಸಿಹಾಕುತ್ತದೆ. ಆ ಭಾವ ಬಂದಿರಲೂಬಹುದು, ನೆನಪು ಉಳಿದಿಲ್ಲ, ಅಷ್ಟೇ ಎಂದೆ. ಸಮಾಧಾನವಾದೀತು ಎಂದುಕೊಂಡಿದ್ದೆ.

ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆದುಳಿನ ಯಾವ ಭಾಗದಲ್ಲಿ ಏನಾಗುತ್ತದೆಂದು ಗೊತ್ತಿದ್ದ ಮಾತ್ರಕ್ಕೆ ಒಬ್ಬರ ನಷ್ಟ ಗೊತ್ತಾದಂತಲ್ಲ ಎಂಬುದನ್ನು ನಾನು ಕಲಿತದ್ದು ಆಗ ಆಕೆ ಆಡಿದ ಮಾತಿನಿಂದ.

"ಹಂಗಾರ ಆತ ಬಂದು ಹೋಗ್ಯಾನ್ರಿ ಸಾಹೇಬ್ರ. ನಾನೇ ಇರಲಿಲ್ಲ."