ಅತ್ತೆ ಕುಡಿಸಿದ ಬೇರು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಸೀಳಿಹೋಗಿತ್ತು. ಬೇರು ಜಜ್ಜಿ ಜಜ್ಜಿ ಹಾಗಾದದ್ದು. ಆ ಹೆಬ್ಬೆರಳಿನಿಂದಲೇ ನನ್ನ ಗದ್ದ ಒತ್ತಿ ಹಿಡಿದು, ಬಾಯಿ ತೆರೆಸಿ, ಬರಿಹೊಟ್ಟೆಗೆ ಕಹಿ ಕಷಾಯ ಸುರಿಯುತ್ತಿದ್ದರು. “ನುಂಗು ಕೂಸೇ, ಉಗುಳ್ಬ್ಯಾಡ. ಇದ ಕುಡುದೇ ನಂಗೆ ಇವ್ನು ಉಟ್ಟಿದ್ದು.” ಇವನು ಎಂದರೆ ನನ್ನ ಗಂಡ. ಐದು ವರ್ಷ ಕುಡಿದೆ. ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಹೊನ್ನೂರಿನಲ್ಲಿ ನಮ್ಮದು ಆಲೆಮನೆಯವರ ಮನೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಸೊಸೆಯಾಗಿ ಹೋದಾಗ ನಮ್ಮ ಬೆಲ್ಲದ ಬಣ್ಣಕ್ಕೆ ಸುತ್ತಮುತ್ತ ಹೆಸರಿತ್ತು. ಕಬ್ಬು ಅರೆಯಲು, ಪಾಕ ತಿರುವಲು ಆಳುಗಳಿದ್ದರು. ಕೊಪ್ಪರಿಗೆಯ ಕೆಳಗೆ ಉರಿ ಹಾಕುವ ಕೆಲಸ ಮಾತ್ರ ಹೊರಗಿನವರಿಗೆ ಬಿಡುತ್ತಿರಲಿಲ್ಲ. ಬಣ್ಣ ಬರುವುದು ಉರಿಯಿಂದ, ಅದು ನಮ್ಮ ಮನೆ ಗಂಡಸರ ಕೈಯಲ್ಲಿದೆ ಎಂಬ ಜಂಬ. ಒಲೆಯ ಬಾಯಿಗೆ ಎದುರಾಗಿ ಒಂದು ಗುಂಡಿ. ಮೊದಲು ಮಾವ, ಅವರಿಗೆ ವಯಸ್ಸಾದ ಮೇಲೆ ನನ್ನ ಗಂಡ, ಆ ಗುಂಡಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿದ್ದರು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಇದೇ ಕೆಲಸ. ಮನೆಗೆ ಬಂದಾಗಲೂ ಅವನ ತೊಡೆ ಮುಟ್ಟಿದರೆ ಸುಡುತ್ತಿತ್ತು.

ಆ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದೊಂದೇ ಮಗು. ನಾಗದೋಷ ಅಂದರು. ದೋಷ ಗಂಡಸರ ಮನೆಯದ್ದು, ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತಿದವಳು ನಾನು! ನಾಮಕರಣಕ್ಕೆ ಕರೆದವರು ತೊಟ್ಟಿಲ ಹತ್ತಿರ ಹೋಗದಂತೆ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಥೂ, ಅವರ ಬಾಯಿಗೆ ಮಣ್ಣು ಹಾಕ.

ಅತ್ತೆ ಮಾವನಿಗೆ ಎರಡನೆಯ ಹೆಂಡತಿ. ಮೊದಲನೆಯವಳಿಗೆ ಮಕ್ಕಳಾಗಲಿಲ್ಲವೆಂದು ತವರಿಗೆ ಅಟ್ಟಿ ಇವರನ್ನು ತಂದಿದ್ದರು. ಇವರಿಗೂ ಏಳು ವರ್ಷ ಬರಿಮಡಿಲು. ಆಮೇಲೆ ಬೆಟ್ಟದ ಬೇರು ಕುಡಿದು ಗಂಡು ಹೆತ್ತರು ಎಂಬುದು ಊರಿಗೆಲ್ಲ ಗೊತ್ತಿದ್ದ ಕತೆ. ಯಳಂದೂರು, ಕೊಳ್ಳೇಗಾಲದ ಕಡೆಯ ಹೆಂಗಸರು ಬಸ್ಸಿಳಿದು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅತ್ತೆ ಎಲೆಯಡಿಕೆ ಮೆಲ್ಲುತ್ತ ಅವರನ್ನು ಕಾಯಿಸಿ, ಆಮೇಲೆ ಬೇರು ಕೊಡುತ್ತಿದ್ದರು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಆದರೆ ಕೈಮುಗಿಯದೆ ಹೊರಟವಳನ್ನು ಹಿಂದಕ್ಕೆ ಕರೆಯುತ್ತಿದ್ದರು.

ಐದನೆಯ ವರ್ಷ ಮಾವ ಹನೂರಿನಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡಿ ಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಗಂಡ ಎನ್ನಿಸಿಕೊಂಡವನು ತಲೆ ತಗ್ಗಿಸಿ ಕೂತ. ನನ್ನನ್ನು ಕರೆದುಕೊಂಡು ಹೋಗಲು ಅಣ್ಣನಿಗೆ ಹೇಳಿಕಳಿಸಿದ್ದೂ ಆಯಿತು. ತಾಂಬೂಲ ಬದಲಿಸಲು ಹೊರಡುವ ಬೆಳಿಗ್ಗೆ ನಡುಮನೆಯಲ್ಲಿ ನೆಂಟರು ಸೇರಿದ್ದರು. ನನ್ನ ಟ್ರಂಕು ಬಾಗಿಲ ಹತ್ತಿರವಿತ್ತು. ಅತ್ತೆ ಒಳಗಿನಿಂದ ಬಂದವರೇ ಆ ಟ್ರಂಕಿನ ಮೇಲೆ ಕೂತರು.

“ಇವಳ್ನ ಕಳ್ಸದು ಬ್ಯಾಡ. ಇನ್ನೊಬ್ಬಳ್ನ ತಂದು ಏನ್ಮಾಡಿರಿ? ಅವಳ್ಗೂ ನಾನು ಬೇರು ಕುಡುಸ್ಬೇಕಾ?”

“ಸುಮ್ನೆ ಒಳಿಕ್ಕೋಗು,” ಎಂದು ಮಾವ ಗದರಿದರು.

“ಓಗಕಿಲ್ಲ ಕಣ್ರಿ. ಮೊದಲ್ನೇವಳ್ನ ಬಂಜೆ ಅಂತ ಅಟ್ಟುದ್ರಲ್ಲ, ಅವಳು ಇನ್ನೊಬ್ಬನ್ನ ಕಟ್ಕಂಡು ನಾಕು ಮಕ್ಕಳ ತಾಯಾಗವಳೆ. ಕೊಳ್ಳೇಗಾಲದ ಸಂತೇಲಿ ಕಣ್ಣಾರೆ ನೋಡಿವ್ನಿ. ನಂಗೆ ಮಗ ಆಗಿದ್ದು ಬೇರಿಂದಲ್ಲ. ನೀವು ಗಾಡಿಯಿಂದ ಬಿದ್ದು ಕಾಲ್ ಮುರ್ಕಂಡು ಒಂದೊರ್ಸ ಗುಂಡಿಗೆ ಇಳೀನಿಲ್ಲ, ಆಗ ಬಸುರಾದೆ. ಪುನಾ ಉರಿ ಮುಂದೆ ಕೂತ್ರಿ, ಪುನಾ ಆಗ್ನಿಲ್ಲ. ಆ ಉರೀಲಿ ಬೇಯೋದು ಬೆಲ್ಲ ಒಂದೇ ಅಲ್ಲ!”

ಮಾವ ಕೈಯಲ್ಲಿದ್ದ ಚೊಂಬನ್ನು ಬೀಸಿ ಎಸೆದರು. ಅದು ಅತ್ತೆಯ ಭುಜಕ್ಕೆ ತಗುಲಿತು. ಅವರು ಟ್ರಂಕು ಬಿಟ್ಟು ಏಳಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಮಾತು ಹನೂರಿಗೆ ಮುಟ್ಟಿತು, ಅವರು ಹೆಣ್ಣು ಕೊಡುವುದಿಲ್ಲ ಅಂದರು.

ನಾನು ಅತ್ತೆಯ ಕಾಲಿಗೆ ಬಿದ್ದೆ ಎಂದುಕೊಂಡಿರಾ? ಇಲ್ಲ. ಅವರ ಎದುರು ನಿಂತು ಕೇಳಿದೆ: “ಗೊತ್ತಿತ್ತಾ ಅತ್ತೆ? ಗೊತ್ತಿದ್ದೂ ಐದೊರ್ಸ ನಂಗೆ ಕುಡ್ಸುದ್ರಾ?”

“ಗೊತ್ತಿತ್ತು,” ಅಂದರು. “ಆಗ ಯೋಳಿದ್ರೆ ನನ್ನೂ ಅಟ್ಟೋರು. ಆಮೇಕೆ ಎಲ್ಲಾರೂ ಬಂದು ಕೈಮುಗಿಯಕ್ಕೆ ಸುರು ಮಾಡುದ್ರು. ಅದ್ರ ರುಚಿ ಬಿಡಕ್ಕಾಗ್ನಿಲ್ಲ ಕಣವ್ವ.”

ಮಾರನೆಯ ದಿನ ಸೀರೆ ಎತ್ತಿಕಟ್ಟಿ ತಾವೇ ಗುಂಡಿಗೆ ಇಳಿದರು. ಕೂಲಿಯವನನ್ನು ಕೂರಿಸೋಣ ಎಂದ ಮಗನಿಗೆ, “ಅವನಿಗೂ ಎಂಡ್ತಿ ಇಲ್ವೇನ್ಲಾ?” ಎಂದು ಬೈದರು. ಮಗನ ಬೀಡಿ ಕಟ್ಟು ಕಿತ್ತುಕೊಂಡು ಒಲೆಗೆ ಹಾಕಿದರು. ಅವನನ್ನು ಗದ್ದೆ ಕೆಲಸಕ್ಕೆ ಅಟ್ಟಿದರು, ಸಡಿಲವಾಗಿ ಪಂಚೆ ಉಡು ಎಂದರು, ಇಬ್ಬರಿಗೂ ಹಾಲು ಸೊಪ್ಪು ತಪ್ಪದೆ ಬಡಿಸಿದರು. ಮೊದಮೊದಲು ಬೆಲ್ಲ ಕಪ್ಪಾಯಿತು. ಮಾವ ಮನೆ ಹಾಳಾಯಿತೆಂದು ಕೂಗಾಡಿದರು. ಕೂಗಲಿ!

ಬೇರು ಕೇಳಿ ಬಂದ ಹೆಂಗಸರಿಗೆ ಅತ್ತೆಯದು ಆಮೇಲೆ ಒಂದೇ ಪ್ರಶ್ನೆ: “ನಿನ್ ಗಂಡ ದಿನಾ ಎಲ್ಲಿ ಕೂತ್ಕತಾನೆ? ಎಸ್ಟು ಬೀಡಿ ಸೇದ್ತಾನೆ? ಅವನ್ನ ಕರ್ಕಂಡು ಬಾ.” ಒಬ್ಬ ಗಂಡಸೂ ಬರಲಿಲ್ಲ. ಕ್ರಮೇಣ ಹೆಂಗಸರೂ ಬರುವುದನ್ನು ನಿಲ್ಲಿಸಿ, ಮುದುಕಿಗೆ ತಲೆ ಕೆಟ್ಟಿದೆ ಎಂದರು. ಮುಂದಿನ ವರ್ಷ ನನಗೆ ಮಗಳು ಹುಟ್ಟಿದಾಗ ಊರು ಏನಂದಿತು ಗೊತ್ತೆ? ಐದು ವರ್ಷದ ಬೇರು ಕೊನೆಗೂ ಕೆಲಸ ಮಾಡಿತಂತೆ!

ಮಗಳು ಸ್ಕೂಲಿಗೆ ಹೋಗುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಉಣ್ಣಿಸಿದ್ದು, ತೊಳೆದದ್ದು, ಮಗ್ಗುಲು ತಿರುಗಿಸಿದ್ದು ಎಲ್ಲ ನಾನೇ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಕೈ ತಡೆದು ಕೇಳಿದರು: “ನನ್ ಮ್ಯಾಲೆ ಕ್ವಾಪ ಓಯ್ತಾ?”

ಸಾಯುವವರ ಮುಂದೆ ಸುಳ್ಳು ಹೇಳಬಹುದಿತ್ತು. “ಇಲ್ಲ ಅತ್ತೆ, ಓಗಿಲ್ಲ,” ಅಂದೆ.

“ಓಗೂಬಾರ್ದು. ಮಡಿಕಂಡಿರು. ನಿನ್ ಮಗಳ ಕೊಟ್ಟ ಮನೇಲಿ ಬೇಕಾಯ್ತದೆ.”

ಮೂರನೆಯ ದಿನ ತೀರಿಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬೇರಿನ ಕತೆಯನ್ನು ಒಂದು ಮಾತೂ ಬಿಡದೆ ಹೇಳಿ ಕಳಿಸಿದೆ.